ಬಂಗಾರದ ಬಟ್ಟಲಿಗಾಗಿ ಹಿಂತಿರುಗಿದವಳು

ಗಂಗೆಯ ಪೂಜೆ ಮುಗಿದು, ತಂದ ಬುತ್ತಿಯನ್ನು ಬಿಚ್ಚಿ ಎಲ್ಲರೂ ಉಂಡು, ಕಲ್ಲನಕೇರಿಯ ಮಲ್ಲನಗೌಡನ ಮನೆಯ ಮಂದಿ ಊರ ದಾರಿಯನ್ನು ಹಿಡಿದ ಮೇಲೆ, ಬಂಗಾರದ ಬಟ್ಟಲೊಂದು ಕೆರೆಯ ಒಡಲಲ್ಲಿಯೇ ಉಳಿಯಿತೆಂಬುದು ನೆನಪಾಗುತ್ತದೆ. ನಾನೊಲ್ಲೆ ನೀನೊಲ್ಲೆ ಎಂದು ಒಬ್ಬೊಬ್ಬರೂ ಹಿಂಜರಿಯುತ್ತಾರೆ. ಕಡೆಗೆ ಆ ಕೆಲಸವು, ಎಲ್ಲ ಮನೆಗಳಲ್ಲಿಯೂ ಯಾರೂ ಒಲ್ಲದ ಕೆಲಸ ಯಾರ ಪಾಲಿಗೆ ಬರತಕ್ಕದ್ದೋ ಅವಳ ಪಾಲಿಗೆ, ಎಂದರೆ ಕಿರಿಯ ಸೊಸೆಯಾದ ಭಾಗೀರತಿಯ ಪಾಲಿಗೆ ಬರುತ್ತದೆ. ಅವಳು ಮರುಮಾತಾಡದೆ ಹೊರಡುತ್ತಾಳೆ. ಬಟ್ಟಲನ್ನು ತೆಗೆದುಕೊಂಡು ಮೆಟ್ಟಿಲೇರತೊಡಗಿದಾಗ, ಅದುವರೆಗೆ ಬೊಗಸೆ ನೀರನ್ನೂ ಕಾಣದಿದ್ದ ಆ ಕೆರೆಯಲ್ಲಿ, ಒಂದೊಂದು ಮೆಟ್ಟಿಲಿಗೂ ನೀರು ಅವಳ ಪಾದವನ್ನೂ ನಡುವನ್ನೂ ಎದೆಯನ್ನೂ ಮುಟ್ಟುತ್ತ ಬಂದು, ಐದನೆಯ ಮೆಟ್ಟಿಲಿನಲ್ಲಿ ಅವಳನ್ನು ಒಳಗೊಂಡು ಕೆರೆ ತುಂಬಿ ನಿಲ್ಲುತ್ತದೆ.

‘ಕೆರೆಗೆ ಹಾರ’ವೆಂಬ ಈ ಹಾಡನ್ನು ಉತ್ತರ ಕರ್ನಾಟಕದ ಓದುಗರಿಗೆ ಪರಿಚಯಿಸಿಕೊಡುವ ಅಗತ್ಯವಿಲ್ಲ. ಶಾಲೆಯ ಪಠ್ಯದಲ್ಲಿ ಓದಿದವರುಂಟು, ಅಜ್ಜಿಯ ಬಾಯಿಂದ ಕೇಳಿದವರುಂಟು, ನಾಟಕವಾಗಿ ನೃತ್ಯರೂಪಕವಾಗಿ ನೋಡಿದವರುಂಟು. ಹುಬ್ಬಳ್ಳಿಯ ಗೋಕುಲ ರಸ್ತೆಯ ನಮ್ಮ ಓಣಿಗಳಲ್ಲಿ ನಳಕ್ಕೆ ನೀರು ಬರುವ ದಿನಕ್ಕಾಗಿ ಕೊಡಗಳನ್ನು ಸಾಲಾಗಿಟ್ಟು ಕಾಯುವ ಗೃಹಿಣಿಯರಿಗಂತೂ, ಒಂದು ಊರು ನೀರಿಗಾಗಿ ಎಷ್ಟು ದೂರ ಹೋಗಬಲ್ಲದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ, ಮಡಿಯುವುದು ಮೊದಲ ನುಡಿಗಳಿಂದಲೇ ನಿಶ್ಚಿತವಾಗಿರುವ ಒಬ್ಬ ಹೆಂಡತಿಯ ಕಥೆಯನ್ನು ಜನರು ಇಷ್ಟು ತಲೆಮಾರುಗಳವರೆಗೆ ಏತಕ್ಕಾಗಿ ಹಾಡಿಕೊಂಡು ಬಂದರು, ಕೇಳಿ ಅತ್ತವರೇ ಮತ್ತೆ ಏತಕ್ಕಾಗಿ ಹಾಡಿಸಿಕೊಂಡರು ಎಂಬ ಪ್ರಶ್ನೆ ಮಾತ್ರ ಅಷ್ಟು ಸುಲಭದ್ದಲ್ಲ. ಈ ಪ್ರಶ್ನೆಯನ್ನು ನಮ್ಮೊಳಗೇ ಕೇಳಿಕೊಂಡರೆ ‘ತ್ಯಾಗ’ವೆಂಬ ಒಂದೇ ಮಾತಿನಲ್ಲಿ ಉತ್ತರಿಸಿ ಸುಮ್ಮನಾಗಿಬಿಡುತ್ತೇವೆ. ಆದುದರಿಂದ ಅದನ್ನು ಸ್ವಲ್ಪ ದೂರದ ನೆಲದಲ್ಲಿ, ಗ್ರೀಸ್ ದೇಶದ ಆಲ್ಕೆಸ್ಟಿಸಳ ಮುಂದೆ ನಿಂತು ಕೇಳುವುದು ಲೇಸೆಂದು ತೋರುತ್ತದೆ.

ಥೆಸ್ಸಲಿಯ ಫೆರೆ ಎಂಬ ನಗರದ ಅರಸನಾದ ಅಡ್ಮೀಟಸನಿಗೆ ಅಪೋಲೋ ದೇವನ ಕೃಪೆಯೊಂದಿತ್ತು. ದಂಡನೆಯ ಫಲವಾಗಿ ಕೆಲಕಾಲ ಮನುಷ್ಯನೊಬ್ಬನ ಮನೆಯಲ್ಲಿ ದನಗಾಹಿಯಾಗಿರಬೇಕಾಗಿ ಬಂದ ಆ ದೇವನು, ತನ್ನನ್ನು ಸೌಜನ್ಯದಿಂದ ನಡೆಸಿಕೊಂಡ ಈ ಯಜಮಾನನಿಗಾಗಿ ವಿಧಿದೇವಿಯರನ್ನು ವಂಚಿಸಿ ಒಂದು ವರವನ್ನು ದೊರಕಿಸಿಕೊಟ್ಟನು: ಮೃತ್ಯು ಬಂದಾಗ ಅಡ್ಮೀಟಸನ ಬದಲಿಗೆ ಇನ್ನೊಬ್ಬರು ಮನಸಾರೆ ಹೊರಟರೆ ಅವನು ಉಳಿಯಬಹುದು. ಅಡ್ಮೀಟಸನು ಬಂಧುಮಿತ್ರರನ್ನು ಕೇಳಿದನು, ಮುಪ್ಪಿನ ತಂದೆಯನ್ನು ಕೇಳಿದನು, ಹೆತ್ತ ತಾಯಿಯನ್ನು ಕೇಳಿದನು, ಒಬ್ಬರೂ ಒಪ್ಪಲಿಲ್ಲ. ಒಪ್ಪಿದವಳು ಹೆಂಡತಿ, ಎರಡು ಎಳೆಯ ಮಕ್ಕಳ ತಾಯಿ. ಈ ಕಥೆಯನ್ನು ಯೂರಿಪಿಡೀಸನು ಕ್ರಿಸ್ತಪೂರ್ವ 438ರಲ್ಲಿ ಅಥೆನ್ಸಿನ ರಂಗಭೂಮಿಗೆ ತಂದನು. ಮೂರು ರುದ್ರನಾಟಕಗಳ ತರುವಾಯ ನಗೆಯಾಟಕ್ಕೆ ಮೀಸಲಾಗಿದ್ದ ನಾಲ್ಕನೆಯ ಸ್ಥಾನದಲ್ಲಿ ಅದನ್ನಿರಿಸಿದನೆಂಬುದರಿಂದಲೇ, ಇದನ್ನು ಕಂಡು ಅಳಬೇಕೋ ನಗಬೇಕೋ ಎಂಬ ಸಂದೇಹವು ಅಂದಿನಿಂದಲೂ ಈ ನಾಟಕವನ್ನು ಬಿಟ್ಟಿಲ್ಲ.

ಆಲ್ಕೆಸ್ಟಿಸಳ ಕೊನೆಯ ದಿನವನ್ನು ನಾವು ನೋಡುವುದು ಮನೆಯ ದಾಸಿಯೊಬ್ಬಳ ಬಾಯಿಂದ. ಗೊತ್ತಾದ ದಿನ ಬಂದಿತೆಂದು ತಿಳಿದ ಕೂಡಲೆ ಅವಳು ಹೊಳೆಯ ನೀರಿನಿಂದ ಮೈ ತೊಳೆದುಕೊಂಡು, ದೇವದಾರುವಿನ ಪೆಟ್ಟಿಗೆಯಿಂದ ಉಡಿಗೆ ತೊಡಿಗೆಗಳನ್ನು ತೆಗೆದು ಅಲಂಕರಿಸಿಕೊಂಡು, ಒಲೆಯ ದೇವತೆಯ ಮುಂದೆ ನಿಂತು ಮಕ್ಕಳಿಗಾಗಿ ಬೇಡಿಕೊಂಡು, ಮನೆಯ ಒಂದೊಂದು ದೇವಪೀಠಕ್ಕೂ ಎಲೆಗಳನ್ನು ಕೊಯ್ದು ಏರಿಸಿ, ಅಷ್ಟು ಹೊತ್ತೂ ಕಣ್ಣಿನಲ್ಲಿ ಹನಿ ತಾರದೆ, ಮುಖದ ಬಣ್ಣ ಕೆಡಿಸಿಕೊಳ್ಳದೆ ಇದ್ದವಳು, ಮಲಗುವ ಕೋಣೆಗೆ ಬಂದು ಮದುವೆಯ ಮಂಚವನ್ನು ಕಂಡೊಡನೆ ಅದರ ಮೇಲೆ ಬಿದ್ದು ಅಳುತ್ತಾಳೆ. ಆಮೇಲೆ ಎದ್ದು ಬಂದು, ಆಳುಗಳಲ್ಲಿ ತೀರ ಕೆಳಗಿನವನಿಗೂ ಕೈಯಿತ್ತು ಮಾತಾಡಿಸಿ ಬೀಳ್ಕೊಳ್ಳುತ್ತಾಳೆ.

ಈ ಭಾಗವನ್ನು ಓದುತ್ತಿರುವ ಕನ್ನಡಿಗನಿಗೆ ಭಾಗೀರತಿ ನೆನಪಾಗದಿರುವುದು ಅಸಾಧ್ಯ. ಅವಳೂ ಮಿಂದಳು, ಉಟ್ಟು ತೊಟ್ಟಳು. ಆದರೆ ಅವಳು ದೊರೆಯ ಮಡದಿಯಲ್ಲ, ಗೌಡರ ಮನೆಯ ಸೊಸೆ. ತನ್ನನ್ನು ಬಲಿಗೊಡುವ ಹಬ್ಬದ ಅಡುಗೆಯ ಕೆಲಸದಲ್ಲಿ ತಾನೂ ದುಡಿಯಬೇಕು. ಬೇಳೆ ಹಸನು ಮಾಡುತ್ತಿರುವಾಗ ಕಣ್ಣು ತುಂಬಿ ಬರುತ್ತದೆ. ಏಕೆ ಅಳುತ್ತೀ ಎಂದು ಮಾವ ಕೇಳಿದರೆ, ಬೇಳೆಯೊಳಗಿನ ಹಳ್ಳು ಹಾರಿ ಕಣ್ಣಲ್ಲಿ ಬಿತ್ತೆಂದು ಹೇಳುತ್ತಾಳೆ. ಕೇಳುವವನಿಗೂ ಕಾರಣ ಗೊತ್ತು, ಹೇಳುವವಳಿಗೂ ಗೊತ್ತು, ಹಾಡು ಕೇಳುತ್ತ ಕುಳಿತವರೆಲ್ಲರಿಗೂ ಗೊತ್ತು. ಆ ಒಂದು ಹರಳಿನ ಸುಳ್ಳಿನಲ್ಲಿ ಒಂದು ಮನೆತನದ ನಡತೆಯೆಲ್ಲ ಇದೆ. ಯೂರಿಪಿಡೀಸನ ದಾಸಿ ಹೇಳುವ ಅಷ್ಟುದ್ದದ ವರ್ಣನೆಗಿಂತ ನನಗೆ ಈ ಹಳ್ಳು ಹೆಚ್ಚು ಆಳಕ್ಕೆ ಇಳಿಯುತ್ತದೆ. ಇದು ನಾಡಾಭಿಮಾನದ ಮಾತೆಂದು ಯಾರಾದರೂ ಆಕ್ಷೇಪಿಸಿದರೆ ನಾನು ವಾದಕ್ಕೆ ನಿಲ್ಲುವುದಿಲ್ಲ.

ಇದಕ್ಕೂ ಮುಂಚಿನ ಸನ್ನಿವೇಶವೊಂದುಂಟು. ಗೌಡನು ಕಟ್ಟಿಸಿದ ಕೆರೆಗೆ ನೀರು ಬಾರದಿರಲು, ಹೊತ್ತಿಗೆ ತೆಗೆಸಿ ಕೇಳಿದಾಗ ಸೊಸೆಯೊಬ್ಬಳನ್ನು ಕೊಡಬೇಕೆಂದಾಯಿತು. ಹಿರಿಯಳನ್ನು ಕೊಟ್ಟರೆ ಮನೆಯ ಹಿರಿತನಕ್ಕೆ ಯಾರೆಂಬ ಲೆಕ್ಕಾಚಾರ ನಡೆದು ಕಿರಿಯಳ ಹೆಸರು ನಿಂತಿತು. ಈ ಸುದ್ದಿ ತಿಳಿದ ಭಾಗೀರತಿ ತವರಿಗೆ ಹೋಗುತ್ತಾಳೆ. ಕಣ್ಣೀರು ಕಂಡು ತಂದೆ ಕೇಳಿದರೆ, ಅತ್ತೆ ಮಾವ ನಮ್ಮನ್ನು ಬೇರೆ ಇಡುತ್ತಾರಂತೆ ಎನ್ನುತ್ತಾಳೆ. ಅಷ್ಟೇ ತಾನೇ, ಹೊಲ ಮನೆ ಕೊಡುತ್ತೇನೆ ಎಂದು ತಂದೆ ಸಮಾಧಾನ ಹೇಳುತ್ತಾನೆ. ತಾಯಿ ಒಡವೆಯ ಮಾತೆತ್ತುತ್ತಾಳೆ. ಸಾಯಲಿರುವ ಮಗಳಿಗೆ ಆಸ್ತಿಯ ಆಶ್ವಾಸನ! ಅವಳು ನಿಜವನ್ನು ನುಡಿಯುವುದು ಗೆಳತಿಯೊಬ್ಬಳ ಮುಂದೆ ಮಾತ್ರ. ಆ ಗೆಳತಿಯಾದರೂ ಅವಳ ಕೈಹಿಡಿದು ಓಡಿಹೋಗೋಣವೆನ್ನುವುದಿಲ್ಲ. ಇರಿಸಿದ ಹಾಗೆ ಇರಬೇಕಲ್ಲವೇ ಎಂಬರ್ಥದ ನಿಟ್ಟುಸಿರಿನ ಮಾತೊಂದನ್ನು ಆಡಿ ಕಳುಹಿಸಿಬಿಡುತ್ತಾಳೆ. ಹಾಡು ಅವಳನ್ನು ನಿಂದಿಸುವುದಿಲ್ಲ. ತವರಿನಲ್ಲಿ ಸುಳ್ಳು, ಗೆಳತಿಯ ಮನೆಯಲ್ಲಿ ನಿಜ ಎಂಬ ಈ ಏರ್ಪಾಡು, ಹೆಣ್ಣುಮಕ್ಕಳು ಹೆಣ್ಣುಮಕ್ಕಳಿಗಾಗಿ ಕಟ್ಟಿದ ಹಾಡಿನಲ್ಲಿಯೇ ಹುಟ್ಟಬಲ್ಲುದು. ಪಂಡಿತಕವಿಯೊಬ್ಬನು ಇದನ್ನು ಬರೆದಿದ್ದರೆ ತಂದೆಯ ಮುಂದೆ ನೂರು ಸಾಲಿನ ವಿಲಾಪವನ್ನಿಟ್ಟು ಕಥೆಯನ್ನು ಕೆಡಿಸುತ್ತಿದ್ದನೇನೋ. ವಿಜಯಪುರ ಸೀಮೆಯ ಹಲಸಂಗಿಯ ಗೆಳೆಯರು ಹಳ್ಳಿಯ ಹೆಂಗಸರ ಪದಗಳನ್ನು ಕೂಡಿಸಿ 1931ರಲ್ಲಿ ‘ಗರತಿಯ ಹಾಡು’ ಎಂಬ ಸಂಗ್ರಹವನ್ನು ಅಚ್ಚು ಹಾಕಿಸಿದಾಗ ನಮ್ಮ ವಿದ್ವಾಂಸರು ಬೆರಗಾದುದು ಇಂತಹ ಕುಶಲತೆಗಾಗಿಯೇ ಅಲ್ಲವೇ.

ಇನ್ನು ಇಬ್ಬರು ಮಾವಂದಿರ ವಿಚಾರ. ಆಲ್ಕೆಸ್ಟಿಸಳ ಶವವನ್ನು ಹೊರತರುವ ಹೊತ್ತಿನಲ್ಲಿ ಅಡ್ಮೀಟಸನ ತಂದೆ, ಮುದುಕನಾದ ಫೆರೀಸನು ಶವಕ್ಕೆ ತೊಡಿಸಲು ಆಭರಣಗಳನ್ನು ಹಿಡಿದುಕೊಂಡು ಬರುತ್ತಾನೆ. ಮಗನು ಸಿಟ್ಟಿಗೇಳುತ್ತಾನೆ, ಇಷ್ಟು ವಯಸ್ಸಾದ ನೀನು ಸತ್ತಿದ್ದರೆ ಇವಳು ಉಳಿಯುತ್ತಿದ್ದಳೆನ್ನುತ್ತಾನೆ. ಮುದುಕನು ತಲೆತಗ್ಗಿಸುವುದಿಲ್ಲ. ನಿನಗೆ ಬೆಳಕು ಹೇಗೆ ಪ್ರಿಯವೋ ನನಗೂ ಹಾಗೆಯೇ. ಹೆಂಗಸನ್ನು ಮುಂದೆ ಮಾಡಿ ಬದುಕಿಕೊಂಡ ನೀನು ನನ್ನನ್ನು ಹೇಡಿಯೆನ್ನುವೆಯಾ. ಹೀಗೆ ಒಬ್ಬೊಬ್ಬ ಹೆಂಡತಿಯನ್ನು ಒಪ್ಪಿಸುತ್ತ ಹೋದರೆ ನಿನಗೆ ಸಾವೇ ಇಲ್ಲವಲ್ಲ ಎಂಬ ತಾತ್ಪರ್ಯದಿಂದ ಮಗನನ್ನು ಹೀಯಾಳಿಸುತ್ತಾನೆ. ಹೆಣದ ಮುಂದೆ ತಂದೆಮಗಂದಿರು ಹೀಗೆ ಕಚ್ಚಾಡುವ ದೃಶ್ಯ ವಿಶ್ವಸಾಹಿತ್ಯದಲ್ಲಿ ವಿರಳ. ಫೆರೀಸನು ಕೊಡಲಾರದವನು, ಮಲ್ಲನಗೌಡನು ಕೊಟ್ಟವನು, ಆದರೆ ತನ್ನದಲ್ಲದ್ದನ್ನು. ಊರಿಗೆ ನೀರು ಬೇಕೆಂಬ ಆತನ ಚಿಂತೆ ದೊಡ್ಡದೇ; ಆ ದೊಡ್ಡ ಚಿಂತೆಗೆ ಆತನು ತೆತ್ತುದು ದಂಡಿಗೆ ಹೋಗಿ ಇಲ್ಲಿಲ್ಲದ ಮಗನೊಬ್ಬನ ಹೆಂಡತಿಯನ್ನು. ಪಠ್ಯಪುಸ್ತಕದ ಪ್ರಶ್ನೋತ್ತರಗಳು ಇದನ್ನು ತ್ಯಾಗವೆಂದು ಕರೆಯುವಾಗ, ತ್ಯಾಗ ಮಾಡಿದವರು ಯಾರೆಂದು ಯಾವ ವಿದ್ಯಾರ್ಥಿಯಾದರೂ ಎದ್ದು ಕೇಳಬೇಕಿತ್ತು.

ಗ್ರೀಸಿನ ಪುರಾಣವನ್ನು ಬಿಟ್ಟು ಅಲ್ಲಿನ ಜನಪದಕ್ಕೆ ಬಂದರೆ ಭಾಗೀರತಿಯ ಒಡಹುಟ್ಟೇ ಸಿಕ್ಕುತ್ತದೆ. ಆರ್ತಾ ಎಂಬ ಊರಿನ ಸೇತುವೆಯನ್ನು ಕುರಿತ ಲಾವಣಿಯಲ್ಲಿ ಕಟ್ಟಡದವರು ದಿನವೆಲ್ಲ ಕಟ್ಟಿದುದು ಇರುಳಿನಲ್ಲಿ ಕುಸಿಯುತ್ತದೆ. ಹಕ್ಕಿಯೊಂದು ಬಂದು ಮೇಸ್ತ್ರಿಯ ಚೆಲುವೆಯಾದ ಹೆಂಡತಿಯನ್ನೇ ಅಡಿಪಾಯಕ್ಕೆ ಕೊಡಬೇಕೆಂದು ನುಡಿಯುತ್ತದೆ. ಅವಳು ಬಂದಾಗ, ಮೇಸ್ತ್ರಿಯ ಉಂಗುರ ಕೆಳಗೆ ಬಿದ್ದಿದೆ, ಯಾರು ತರುತ್ತೀರೆಂದು ಕೇಳಿ ಅವಳನ್ನು ಇಳಿಸುತ್ತಾರೆ, ಮೇಲಿನಿಂದ ಕಲ್ಲುಗಾರೆ ಸುರಿಯುತ್ತಾರೆ. ಅಲ್ಲಿ ಉಂಗುರ, ಇಲ್ಲಿ ಬಟ್ಟಲು! ಸ್ಕಾಡರ್ ಕೋಟೆಯನ್ನು ಕುರಿತ ಸೆರ್ಬಿಯನ್ನರ ಹಾಡಿನಲ್ಲಿ ಮೂವರು ಅಣ್ಣತಮ್ಮಂದಿರಿದ್ದು, ಗೋಡೆಯೊಳಗಾಗುವವಳು ಅಲ್ಲಿಯೂ ಕಿರಿಯ ಸೊಸೆಯೇ. ಹಸುಗೂಸಿಗೆ ಹಾಲೂಡಿಸಲೆಂದು ಎದೆಯ ಮಟ್ಟದಲ್ಲಿ ಕಿಂಡಿ ಬಿಡಿರೆಂದು ಬೇಡುತ್ತಾಳೆ. ರುಮೇನಿಯಾದಲ್ಲಿ ಮನೋಲೆಯೆಂಬ ಶಿಲ್ಪಿ ಮಠವನ್ನು ಕಟ್ಟುತ್ತ ತನ್ನ ಆನಾಳನ್ನು ಕಲ್ಲಿನೊಳಗಿಟ್ಟನು. ಅಮೆರಿಕದ ಜಾನಪದ ವಿದ್ವಾಂಸರಾದ ಆಲನ್ ಡಂಡೆಸರು 1996ರಲ್ಲಿ ಹೊರತಂದ ಸಂಪುಟವೊಂದರಲ್ಲಿ ಬಾಲ್ಕನ್ ದೇಶಗಳ ಈ ಗೋಡೆಯ ಹಾಡುಗಳನ್ನೂ ಭಾರತದ ಕೆರೆಬಾವಿಗಳ ಹಾಡುಗಳನ್ನೂ ಎದುರುಬದುರಾಗಿ ನಿಲ್ಲಿಸಿದರು. ಯಾವುದು ಎಲ್ಲಿಂದ ಎಲ್ಲಿಗೆ ಹೋಯಿತೆಂಬ ಚರ್ಚೆ ವಿದ್ವಾಂಸರಿಗಿರಲಿ. ನನ್ನ ಗಮನಕ್ಕೆ ಬಂದ ವ್ಯತ್ಯಾಸವಿಷ್ಟೆ: ಆರ್ತಾದವಳು ಅರ್ಧ ಹೂತಿರುವಾಗ ಸೇತುವೆ ನಡುಗಲಿ, ಹಾಯುವವರು ಉದುರಲಿ ಎಂದು ಶಪಿಸುತ್ತಾಳೆ, ಪರದೇಶದಲ್ಲಿರುವ ಅಣ್ಣನೂ ಒಂದು ದಿನ ಅದನ್ನು ದಾಟಬಹುದೆಂದು ಯಾರೋ ನೆನಪಿಸಿದಾಗ ಶಾಪವನ್ನು ತಿದ್ದಿಕೊಳ್ಳುತ್ತಾಳೆ, ನಮ್ಮವಳು ಶಪಿಸುವುದೇ ಇಲ್ಲ. ಶಾಪದ ಕೆಲಸವನ್ನು ಅವಳ ಗಂಡ ಮಾಡುತ್ತಾನೆ.

ದಂಡಿನಲ್ಲಿದ್ದ ಮಾದೇವರಾಯನಿಗೆ ಕೆಟ್ಟ ಕನಸು ಬೀಳುತ್ತದೆ. ಹೊದೆದ ಸೆಲ್ಲೆ ಸುಟ್ಟಂತೆ, ಹಿಡಿದ ಕೋಲು ಮುರಿದಂತೆ. ಬರಿಬೆನ್ನಿನ ಕುದುರೆಯನ್ನೇರಿ ಊರಿಗೆ ಬಂದರೆ ಮನೆಯವರು, ಹೆಂಡತಿ ತವರಿಗೆ ಹೋದಳೆನ್ನುತ್ತಾರೆ. ತವರಿನವರು ಗೆಳತಿಯ ಮನೆಯನ್ನು ತೋರಿಸುತ್ತಾರೆ. ನಿಜವನ್ನು ಅವನಿಗೆ ಹೇಳುವವಳು, ನಿಜವನ್ನು ಕೇಳಿಸಿಕೊಂಡಿದ್ದ ಆ ಗೆಳತಿಯೊಬ್ಬಳೇ. ತುಂಬಿದ ಕೆರೆಯ ದಂಡೆಯಲ್ಲಿ ನಿಂತು, ಎಷ್ಟು ಹಣ ಚೆಲ್ಲಿದರೂ ಇಂಥವಳು ಸಿಕ್ಕಳೆಂದು ಅತ್ತು, ಅವನೂ ಅದರೊಳಗೆ ಹಾರುತ್ತಾನೆ. ಗೌಡನಿಗೆ ಕೆರೆ ದಕ್ಕಿತು, ಮಗ ದಕ್ಕಲಿಲ್ಲ. ಮಾವನನ್ನು ಕುರಿತು ಒಂದು ಕಟುನುಡಿಯನ್ನೂ ಆಡದ ಈ ಹಾಡು, ತನ್ನ ತೀರ್ಪನ್ನು ಕೊಟ್ಟದ್ದು ಕಥೆಯ ಈ ತಿರುವಿನಿಂದ. ಬಲಿಯಿಂದ ಊರು ಉದ್ಧಾರವಾಯಿತೆಂದು ಮುಗಿಸಿದ್ದರೆ ಅದು ಗೌಡರ ಮನೆಯ ಪ್ರಶಸ್ತಿಯಾಗುತ್ತಿತ್ತು, ಯಾವುದಾದರೂ ಕೆರೆಯ ಏರಿಯ ಕಲ್ಲಿನ ಮೇಲೆ ಶಾಸನವಾಗಿ ಕುಳಿತಿರುತ್ತಿತ್ತು. ಹೆಂಗಸರು ಅದನ್ನು ಹಾಡುತ್ತಿರಲಿಲ್ಲ.

ಗ್ರೀಕರ ಗಂಡಂದಿರನ್ನು ಈ ಮಾದೇವರಾಯನ ಪಕ್ಕದಲ್ಲಿ ನಿಲ್ಲಿಸಿದರೆ ಅವರು ಸ್ವಲ್ಪ ಕುಗ್ಗಿಯೇ ಕಾಣುತ್ತಾರೆ. ಹಾವು ಕಚ್ಚಿ ಸತ್ತ ಯೂರಿಡಿಸಿಯನ್ನು ಮರಳಿ ತರಲು ವೀಣೆ ನುಡಿಸುತ್ತ ಪಾತಾಳಕ್ಕಿಳಿದ ಆರ್ಫಿಯಸನ ಕೀರ್ತಿ ಲೋಕದಲ್ಲಿ ದೊಡ್ಡದು. ವರ್ಜಿಲ್ ಓವಿಡರಿಂದ ಹಿಡಿದು, 1607ರಲ್ಲಿ ಮಾಂಟೆವರ್ಡಿ ರಚಿಸಿದ ಸಂಗೀತನಾಟಕ, ಕಳೆದ ಶತಮಾನದ ಚಲನಚಿತ್ರಗಳು, ಎಲ್ಲವೂ ಅವನ ಹಿಂದಿರುಗಿ ನೋಡಿದ ನೋಟವನ್ನೇ ಹಾಡಿ ಹೊಗಳಿವೆ. ಆದರೆ ಪ್ಲೇಟೋ ಬರೆದ ‘ಸಿಂಪೋಸಿಯಂ’ ಸಂವಾದದಲ್ಲಿ ಫೀಡ್ರಸನೆಂಬ ಪಾತ್ರವು ಅವನನ್ನು ಲೇವಡಿ ಮಾಡುತ್ತದೆ: ಆಲ್ಕೆಸ್ಟಿಸಳಂತೆ ಸಾಯುವ ಎದೆಗಾರಿಕೆಯಿಲ್ಲದೆ ಜೀವಸಹಿತ ಒಳನುಗ್ಗುವ ಉಪಾಯ ಹೂಡಿದ ವಾದ್ಯಗಾರನಾದುದರಿಂದ ದೇವತೆಗಳು ಅವನಿಗೆ ಹೆಂಡತಿಯ ನೆರಳನ್ನಷ್ಟೇ ತೋರಿಸಿ ಕಳುಹಿಸಿದರಂತೆ. ಅಡ್ಮೀಟಸನಾದರೋ, ನಿನ್ನಂತೆಯೇ ಒಂದು ಪ್ರತಿಮೆಯನ್ನು ಮಾಡಿಸಿ ಹಾಸಿಗೆಯಲ್ಲಿರಿಸಿಕೊಳ್ಳುತ್ತೇನೆಂದು ಸಾಯುತ್ತಿರುವ ಹೆಂಡತಿಗೆ ಮಾತು ಕೊಟ್ಟವನು. ಸತ್ತ ಮೇಲೆ ಅವನಿಗೆ ತಿಳಿಯುತ್ತದೆ, ಬರಿದಾದ ಮನೆಗೆ ಹೇಗೆ ಕಾಲಿಡಲೆಂದು ಬಾಗಿಲಲ್ಲಿಯೇ ನಿಂತುಬಿಡುತ್ತಾನೆ. ಯೂರಿಪಿಡೀಸನು ಅವನಿಗೆ ಅಷ್ಟು ಮರ್ಯಾದೆಯನ್ನು ಉಳಿಸಿದ್ದಾನೆ. ಅಷ್ಟರಲ್ಲಿ ಅತಿಥಿಯಾಗಿ ಬಂದು ಕುಡಿದು ಕೂಗಾಡುತ್ತಿದ್ದ ಹೆರಾಕ್ಲೀಸನು ಸಂಗತಿ ತಿಳಿದು ನಾಚಿ, ಸಮಾಧಿಯ ಬಳಿ ಮೃತ್ಯುವಿನೊಡನೆ ಸೆಣಸಿ, ಮುಸುಕಿಟ್ಟ ಹೆಂಗಸೊಬ್ಬಳನ್ನು ಕರೆತಂದು ಅಡ್ಮೀಟಸನ ಕೈಗೆ ಒಪ್ಪಿಸುತ್ತಾನೆ. ಮುಸುಕು ತೆಗೆದರೆ ಅವಳೇ. ಆದರೆ ಅವಳು ಮಾತಾಡುವುದಿಲ್ಲ. ಮೂರನೆಯ ದಿನ ಶುದ್ಧಿಯಾಗುವವರೆಗೆ ಮಾತಾಡಕೂಡದಂತೆ. ನಾಟಕ ಅಲ್ಲಿಗೆ ಮುಗಿಯುತ್ತದೆ. ನಾಲ್ಕನೆಯ ದಿನ ಅವಳು ಗಂಡನಿಗೆ ಏನು ಹೇಳಿದಳೆಂಬುದನ್ನು ಊಹಿಸುವ ಕೆಲಸದಲ್ಲಿ ಯುರೋಪಿನ ಕವಿಗಳು ಶತಮಾನಗಳನ್ನು ಕಳೆದಿದ್ದಾರೆ. ಗ್ಲುಕ್ ಸಂಗೀತ ಕೂಡಿಸಿದನು, ಬ್ರೌನಿಂಗ್ ಕಾವ್ಯ ಬರೆದನು, ಎಲಿಯಟ್ ಅವಳ ಕಥೆಯನ್ನು ಲಂಡನ್ನಿನ ಸಂಜೆಯ ಔತಣಕೂಟದೊಳಕ್ಕೆ ಅಡಗಿಸಿ ನಾಟಕವಾಡಿಸಿದನು.

ನಮ್ಮಲ್ಲಿ ಯಮನಿಂದ ಗಂಡನನ್ನೇ ಬಿಡಿಸಿಕೊಂಡು ಬಂದ ಸಾವಿತ್ರಿಯಿದ್ದಾಳಲ್ಲ ಎಂದು ಕೇಳಬಹುದು. ನಿಜ, ಅವಳಿಗೆ ವ್ರತವಿದೆ. ಕಾರಹುಣ್ಣಿಮೆಯ ದಿನ ಹೊಸ ಬಸ್ ನಿಲ್ದಾಣದಿಂದ ವಿಮಾನ ನಿಲ್ದಾಣದ ಕಡೆಗೆ ಗೋಕುಲ ರಸ್ತೆಯಲ್ಲಿ ಹೊರಟರೆ, ಬಸ್ಸು ಲಾರಿಗಳ ಅಬ್ಬರದ ನಡುವೆಯೂ, ಒಳ ಬಡಾವಣೆಗಳಲ್ಲಿ ಆಲದ ಮರವಿರುವೆಡೆಗೆ ಬಾಗಿನ ಹಿಡಿದು ಹೊರಟ ಮುತ್ತೈದೆಯರು ಕಾಣಸಿಗುತ್ತಾರೆ. ನೂಲೆಳೆಯನ್ನು ಬುಡಕ್ಕೆ ಸುತ್ತುತ್ತ ಪ್ರದಕ್ಷಿಣೆ ಹಾಕುತ್ತಾರೆ, ಒಬ್ಬರಿಗೊಬ್ಬರು ಉಡಿ ತುಂಬುತ್ತಾರೆ. ಸಾವಿತ್ರಿ ಗೆದ್ದವಳು, ಬೇಡಿಕೊಳ್ಳುವುದಕ್ಕೆ ತಕ್ಕವಳು. ಭಾಗೀರತಿಯ ಹೆಸರಿನಲ್ಲಿ ಇವರಾರೂ ನೂಲು ಸುತ್ತುವುದಿಲ್ಲ, ಅವಳಂತಾಗಲಿ ಎಂದು ಯಾರೂ ಮಗಳನ್ನು ಹರಸುವುದಿಲ್ಲ. ಇದರಲ್ಲಿ ಜನರ ವಿವೇಕ ದೊಡ್ಡದಾಗಿ ಕಾಣುತ್ತದೆ. ಅನುಸರಿಸತಕ್ಕವಳಿಗೆ ವ್ರತವನ್ನು ಕೊಟ್ಟರು. ಹೀಗೂ ಒಬ್ಬಳನ್ನು ನೀರುಪಾಲು ಮಾಡಿದರೆಂಬುದನ್ನು ಮರೆಯಬಾರದಾದುದರಿಂದ ಇನ್ನೊಬ್ಬಳಿಗೆ ಹಾಡನ್ನು ಕೊಟ್ಟರು. ಚನ್ನಗಿರಿ ಸೀಮೆಯ ಸೂಳೆಕೆರೆಯ ಶಾಂತವ್ವನಂತಹವರು ಕೆಲವೆಡೆ ಪೂಜೆಗೊಂಡಿರಬಹುದು. ಕಲ್ಲನಕೇರಿಯ ಸೊಸೆ ಮಾತ್ರ ದೇವಿಯಾಗದೆ ಸೊಸೆಯಾಗಿಯೇ ಉಳಿದಳು, ಅವಳ ಆಕರ್ಷಣೆಯ ಗುಟ್ಟು ಬಹುಮಟ್ಟಿಗೆ ಇದೇ ಎಂದು ನನ್ನ ಎಣಿಕೆ.

ಗ್ರೀಸಿಗೂ ಧಾರವಾಡಕ್ಕೂ ಸಂಬಂಧವೇನೆಂದು ಹುಬ್ಬೇರಿಸುವವರಿಗೆ ಒಂದು ಮಾತು. ಸೊಫೊಕ್ಲೀಸನ ಅಯಾಸನನ್ನು 1929ರಲ್ಲಿ ‘ಅಶ್ವತ್ಥಾಮನ್’ ಮಾಡಿ, ಈಸ್ಕಿಲಸನ ಪಾರಸಿಕರನ್ನು 1935ರಲ್ಲಿ ಕನ್ನಡಿಸಿದ ಬಿ. ಎಂ. ಶ್ರೀಕಂಠಯ್ಯನವರು ಕೊನೆಯ ವರ್ಷಗಳನ್ನು ಕಳೆದು 1946ರಲ್ಲಿ ಕಣ್ಣು ಮುಚ್ಚಿದುದು ಧಾರವಾಡದಲ್ಲಿ. ಅದಾದ ಹದಿನೈದು ವರುಷಕ್ಕೆ, ಅದೇ ಊರಿನ ಕರ್ನಾಟಕ ಕಾಲೇಜಿನಲ್ಲಿ ಗಣಿತವನ್ನು ಓದಿ ಆಕ್ಸ್‌ಫರ್ಡಿಗೆ ತೆರಳಿದ್ದ ತರುಣನೊಬ್ಬನ ಮೊದಲ ನಾಟಕವನ್ನು, 1961ರಲ್ಲಿ, ಧಾರವಾಡದ ಮನೋಹರ ಗ್ರಂಥಮಾಲೆ ಪ್ರಕಟಿಸಿತು. ನಾಟಕ ‘ಯಯಾತಿ’, ತರುಣ ಗಿರೀಶ ಕಾರ್ನಾಡ. ಗ್ರೀಕ್ ನಾಟಕಗಳ ಓದು ತಮ್ಮ ಮೇಲೆ ಪ್ರಭಾವ ಬೀರಿತ್ತೆಂಬುದನ್ನು ಅವರೇ ಒಪ್ಪಿದ್ದುಂಟು. ಆದರೆ ಆಲ್ಕೆಸ್ಟಿಸಳ ಕಥೆಯನ್ನು ಎದುರಿಗಿಟ್ಟುಕೊಂಡು ಬರೆದರೆಂದು ನಾನು ಹೇಳುತ್ತಿಲ್ಲ. ಕಥೆಗಳು ಮಾತ್ರ ತಮ್ಮಷ್ಟಕ್ಕೆ ತಾವೇ ಕನ್ನಡಿಯ ಬಿಂಬದಂತೆ ಎದುರಾಗಿವೆ. ಅಲ್ಲಿ ಮಗನು ತಂದೆಯ ಪ್ರಾಣವನ್ನು ಕೇಳಿದನು, ತಂದೆ ಒಲ್ಲೆನೆಂದನು. ಇಲ್ಲಿ ತಂದೆ ಮಗನ ಯೌವನವನ್ನು ಕೇಳಿದನು, ಮಗ ಒಪ್ಪಿದನು. ಎರಡು ಕಡೆಯೂ ಬೆಲೆ ತೆತ್ತವಳು ಕೈಹಿಡಿದು ಬಂದವಳು.

ಮಹಾಭಾರತದ ಯಯಾತಿಯ ಪ್ರಸಂಗದಲ್ಲಿ, ಯೌವನವನ್ನಿತ್ತ ಮಗ ಪುರುವಿನ ಹೆಂಡತಿಗೆ ಜಾಗವಿಲ್ಲ. ಕಾರ್ನಾಡರು ಚಿತ್ರಲೇಖೆಯೆಂಬವಳನ್ನು ಹೊಸದಾಗಿ ತಂದು, ಮದುವೆಯಾಗಿ ಆಗತಾನೆ ಅರಮನೆಗೆ ಕಾಲಿಟ್ಟವಳನ್ನು, ಮುಪ್ಪನ್ನು ಹೊತ್ತು ಬಂದ ಗಂಡನ ಮುಂದೆ ನಿಲ್ಲಿಸಿದರು. ಅವಳು ಆರತಿ ಎತ್ತಿ ಪಾದಕ್ಕೆರಗುವ ಬದಲು ಹೆದರಿ ಹಿಂದೆ ಸರಿಯುತ್ತಾಳೆ. ಪತಿಯ ಹಿರಿಮೆಯನ್ನು ಕಂಡು ಹೆಮ್ಮೆಪಡು ಎಂದು ಉಪದೇಶಿಸಬಂದ ಮಾವನ ಮುಂದೆ, ಪುರುವಿನ ಯೌವನ ಈಗ ನಿಮ್ಮಲ್ಲಿದೆಯಲ್ಲ, ಹಾಗಾದರೆ ನನ್ನ ಮದುವೆಯ ಹಕ್ಕನ್ನು ಯಾರಲ್ಲಿ ಕೇಳಲೆಂಬ ಭಾವದ, ಕಿವಿ ಮುಚ್ಚಿಕೊಳ್ಳಬೇಕಾದಂತಹ ತರ್ಕವನ್ನಿಡುತ್ತಾಳೆ. ಮೂರು ದಿನದ ಮೌನದ ತರುವಾಯ ಆಲ್ಕೆಸ್ಟಿಸ್ ಆಡಬಹುದಾಗಿದ್ದ ಮಾತು, ಕಣ್ಣಲ್ಲಿ ಹಳ್ಳು ಬಿತ್ತೆಂದು ಭಾಗೀರತಿ ನುಂಗಿಕೊಂಡ ಮಾತು, ಅವಳ ಬಾಯಲ್ಲಿ ಹೊರಬಿದ್ದಿತೆನ್ನಬಹುದು. ಆದರೂ ಅವಳು ಉಳಿಯಲಿಲ್ಲ, ವಿಷ ಕುಡಿದಳು. ಆ ಶವವನ್ನು ಕಂಡ ಮೇಲೆ ಯಯಾತಿ ಮುಪ್ಪನ್ನು ಮರಳಿ ಪಡೆದನು. ಮಾತು ಬಲ್ಲ ಸೊಸೆಯೂ ಸತ್ತೇ ಮಾವನ ಕಣ್ಣು ತೆರೆಯಿಸಬೇಕಾಯಿತೆಂಬುದು ನಾಟಕಕಾರನ ದೋಷವೋ ಕಾಲದ ದೋಷವೋ. ಇಪ್ಪತ್ತೆರಡರ ಪ್ರಾಯದಲ್ಲಿ ಬರೆದ ನಾಟಕವೆಂದು ರಿಯಾಯಿತಿ ಕೊಡುವ ಮನಸ್ಸಿದ್ದರೂ, ಆ ಸಾವು ನನಗೆ ಭಾಗೀರತಿಯ ಸಾವಿನಷ್ಟು ಅನಿವಾರ್ಯವಾಗಿ ತೋರುವುದಿಲ್ಲ. ಭಾಗೀರತಿಗೆ ಬೇರೆ ದಾರಿಯಿರಲಿಲ್ಲ. ಚಿತ್ರಲೇಖೆಗೆ ಅರಮನೆಯ ಬಾಗಿಲು ತೆರೆದೇ ಇತ್ತು.

ನಮ್ಮ ಅವಳಿ ನಗರದ ನಾಟಕದ ಮಂದಿಯಲ್ಲಿ ನನ್ನದೊಂದು ಬಿನ್ನಹವುಂಟು. ಗ್ರೀಕ್ ನಾಟಕವಾಡುವುದೆಂದರೆ ಲಂಕೇಶರು ಕನ್ನಡಕ್ಕಿಳಿಸಿದ ಈಡಿಪಸನನ್ನೂ ಅಂತಿಗೊನೆಯನ್ನೂ ಮತ್ತೆ ಮತ್ತೆ ಎತ್ತಿಕೊಳ್ಳುವುದು ನಮ್ಮಲ್ಲಿ ರೂಢಿಯಾಗಿದೆ. ಒಂದು ಬಾರಿಯಾದರೂ ಒಂದೇ ಸಂಜೆಯಲ್ಲಿ ಮೊದಲು ಆಲ್ಕೆಸ್ಟಿಸಳ ಆಟವನ್ನೂ, ಅರ್ಧ ತಾಸಿನ ಚಹಾದ ವಿರಾಮದ ತರುವಾಯ ‘ಕೆರೆಗೆ ಹಾರ’ವನ್ನೂ ಆಡಬೇಕು. ಹಾಡಿನ ಮೇಳದಲ್ಲಿ ವೃತ್ತಿಗಾಯಕರು ಬೇಡ. ಸೋಬಾನೆ ಪದ ಬಲ್ಲ ಹೆಂಗಸರೇ ಕುಳಿತು ಹಾಡಲಿ, ಗ್ರೀಕ್ ಆಟಕ್ಕೂ ಅವರೇ ಮೇಳವಾಗಲಿ. ಆಲ್ಕೆಸ್ಟಿಸಳಿಗೂ ಭಾಗೀರತಿಗೂ ಬೇರೆ ಬೇರೆ ನಟಿಯರಿರಬೇಕು, ಒಬ್ಬಳು ಮಾಡಿದರೆ ಇಬ್ಬರೂ ಒಂದೇ ತೆರನಾಗಿಬಿಡುವ ಅಪಾಯವುಂಟು. ಆದರೆ ಕೊಡಲೊಲ್ಲದ ಫೆರೀಸನನ್ನೂ ಕೊಟ್ಟು ಕುಳಿತ ಮಲ್ಲನಗೌಡನನ್ನೂ ಒಬ್ಬನೇ ನಟನು, ಸಾಧ್ಯವಾದರೆ ಅದೇ ರುಮಾಲಿನಲ್ಲಿಯೇ, ಮಾಡುವುದು ಒಳ್ಳೆಯದು.